ಮೇಲಿನ ಹಲ್ಲು

"ಅತ್ತಿ, ಈ ಕಣ್ಣ ಬಿಡಾಕ ಬರವಲ್ದು ನೋಡ್ರಿ" ಎಂದು ದುರ್ಗಾ ಅಂದಾಗ ಸೀತವ್ವ ಹಂಚಿನ ಮೇಲೆ ಉಪ್ಪಿನ ಗಂಟು ಬಿಸಿ ಮಾಡುತ್ತಿದ್ದಳು. ಗಂಟನ್ನು ಅಲ್ಲೇ ಬಿಟ್ಟು ಬಂದು, ಸೊಸೆಯ ಗದ್ದ ಹಿಡಿದು ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು.

ನಿನ್ನೆ ಸಂಜೆಯವರೆಗೆ ಬಲಗೆನ್ನೆ ಮಾತ್ರ ಉಬ್ಬಿತ್ತು. ಬೆಳಗಾಗುವುದರೊಳಗೆ ಬಾವು ಮೂಗಿನ ಮಗ್ಗುಲಿನಿಂದ ಮೇಲೆ ಹತ್ತಿ ಕಣ್ಣಿನ ಕೆಳಗೆ ಬಂದು ಕುಳಿತಿತ್ತು. ರೆಪ್ಪೆಗಳ ನಡುವೆ ಒಂದು ಗೆರೆ ಮಾತ್ರ ಉಳಿದಿತ್ತು. ಕಿಟಕಿಯ ಬಳಿ ಹೊಲಿಗೆ ಮಷೀನಿನ ಮೇಲೆ ಯಾರದೋ ಹಸಿರು ಜಂಪರು ಒಂದೇ ತೋಳಿನೊಡನೆ ಬಿದ್ದಿತ್ತು. ಸಂಪಗಾಂವದ ಅರ್ಧ ಊರಿನ ಹೆಂಗಸರಿಗೆ ಜಂಪರು ಹೊಲಿದು ಕೊಡುವವಳು ದುರ್ಗಾ. ಅವಳ ಕಣ್ಣಿನ ಮೇಲೆ ಆ ಮನೆಯ ಒಲೆ ನಿಂತಿತ್ತು.

"ಹಲ್ಲಿನ ಬ್ಯಾನಿ ಕಣ್ಣಿಗಿ ಏರೇತಿ" ಎಂದಳು ಸೀತವ್ವ. ಅಂದಮೇಲೆ ತಾನೇ ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಅವಳ ಗಂಡ ಗಂಗಪ್ಪನಿಗೆ ಅಷ್ಟು ಕೇಳಿಸಿದ್ದೇ ಸಾಕಾಯಿತು. ಎರಡೂ ಕಣ್ಣು ಇಲ್ಲದ ಅವನು ಮುಖವನ್ನು ಬಾಗಿಲ ಕಡೆ ಹೊರಳಿಸಿ ಕೂಗಿದ.

"ಮ್ಯಾಲಿನ ಹಲ್ಲಲ್ಲ ಅದು? ಹೇಳಿದ್ನೋ ಇಲ್ಲೋ? ಮ್ಯಾಲಿನ ಹಲ್ಲಿಗಿ ಇಕ್ಕಳ ಹಚ್ಚಿದ್ರ ಮುಗೀತು. ನನ್ನ ಮಾರಿ ನೋಡ್ರಿ, ಮತ್ತ ಯಾರನ್ನೂ ಕೇಳಬ್ಯಾಡ್ರಿ."

ಆ ಮುಖವನ್ನು ಈಗ ಊರೊಂದೇ ಅಲ್ಲ, ನಾಡೆಲ್ಲ ನೋಡಿತ್ತು. ಗಂಗಪ್ಪನ ಮಗ ಸಂದೀಪ ಕಾಯಿಪಲ್ಯೆ ಸಾಗಿಸುವ ಸಣ್ಣ ಗಾಡಿ ಓಡಿಸುತ್ತಿದ್ದ. ಬಿಡುವಾದಾಗ ಅಪ್ಪನನ್ನು ಕಟ್ಟೆಯ ಮೇಲೆ ಕೂರಿಸಿ, ಅವನ ಮಾತುಗಳನ್ನು ಫೋನಿನಲ್ಲಿ ಹಿಡಿದು ಜಾಲಕ್ಕೆ ಹಾಕುತ್ತಿದ್ದ. ಎತ್ತಿನ ಲಕ್ಷಣ, ಕಬ್ಬಿನ ಗಾಡಿಯ ಕಾಲ, ಹಳೆಯ ಮಳೆಗಳು ಇವನ್ನೆಲ್ಲ ಯಾರೂ ಅಷ್ಟಾಗಿ ನೋಡಲಿಲ್ಲ. ಹಲ್ಲಿನ ಕಥೆ ಮಾತ್ರ ಬಿಟ್ಟ ಬಾಣದಂತೆ ಹೋಯಿತು.

ಅದರಲ್ಲಿ ಗಂಗಪ್ಪ ಹೆಗಲ ಮೇಲಿನ ಟವಲ್ಲು ಕೊಡವಿ ಶುರು ಮಾಡುತ್ತಾನೆ: "ಕಿತ್ತೂರ ಸಂತ್ಯಾಗ ಒಬ್ಬ ಹಲ್ಲ ಕೀಳಾವ ಕುಂದರತಿದ್ದ. ನನ್ನ ಹೆಂಡ್ತಿ ಕೈ ಹಿಡದ ಎಳಕೊಂಡ ಹೋದ್ಲು. ಇಕ್ಕಳ ಹಾಕಿ ಎಳದಾ ನೋಡ್ರಿ, ಹಲ್ಲಿನ ಬೇರಿಗಿ ಗೇಣುದ್ದ ನರಾ ಜೋತು ಬಂತು. ಬೆಳ್ಳಗ, ಶಾವಿಗಿ ಎಳಿ ಇದ್ದಂಗ. ಅದs ಕಣ್ಣಿನ ನರಾ! ಹೋಗುವಾಗ ನಾ ಆಕಿಗಿ ದಾರಿ ತೋರಿಸಿದೆ, ಬರುವಾಗ ಆಕಿ ನನಗ ತೋರಿಸಿದ್ಲು!"

ಇಲ್ಲಿಗೆ ಬಂದಾಗ ಸುತ್ತ ಕುಳಿತವರು ನಗುತ್ತಾರೆ. ಹಿಂದೆ ಕೊಡ ಹೊತ್ತು ಹೋಗುವ ಸೀತವ್ವನೂ ಒಂದು ಕ್ಷಣ ಕಾಣಿಸಿ, ಸೆರಗು ಬಾಯಿಗೆ ಒತ್ತಿ ನಕ್ಕು ಒಳಗೆ ಹೋಗುತ್ತಾಳೆ.

ನಡೆದದ್ದು ಹಾಗಲ್ಲ ಎಂಬುದು ಸೀತವ್ವನಿಗೆ ಎಲ್ಲೋ ಒಳಗೆ ಗೊತ್ತಿತ್ತು. ಕಣ್ಣು ಒಂದೇ ದಿನಕ್ಕೆ ಹೋದದ್ದಲ್ಲ. ದೀಪದ ಎಣ್ಣೆ ಇಳಿದ ಹಾಗೆ ದಿನದಿನಕ್ಕೆ ಇಳಿದು, ಮರುವರ್ಷದ ಯುಗಾದಿಯ ಹೊತ್ತಿಗೆ ಕತ್ತಲಾಗಿತ್ತು. ಆದರೆ ಕಥೆ ಹೇಳಿದಷ್ಟೂ ಬೆಳೆಯುತ್ತದೆ, ನಡೆದದ್ದು ಅದರ ನೆರಳಿನಲ್ಲಿ ಸೊರಗುತ್ತದೆ. ಅವಳಲ್ಲಿ ಕೊನೆಗೆ ಉಳಿದ ಸತ್ಯ ಒಂದೇ. ಬೇಡ ಬೇಡ ಎಂದ ಗಂಡನನ್ನು ಕೈ ಹಿಡಿದು ಸಂತೆಯ ಮರದ ಕೆಳಗೆ ಹಲ್ಲು ಕೀಳುವವನ ಮುಂದೆ ಕೂರಿಸಿದವಳು ತಾನು. ಆಗ ಸಂದೀಪ ತೊಟ್ಟಿಲ ಕೂಸು. ಅಂದಿನಿಂದ ಅವಳು ಸವದತ್ತಿಯ ಎಲ್ಲಮ್ಮನಿಗೆ ಬೆಳ್ಳಿಯ ಕಣ್ಣು ಒಪ್ಪಿಸುತ್ತ ಬಂದಿದ್ದಳು. ಗಂಡನ ಕಣ್ಣು ಮರಳಿ ಕೊಡು ಎಂದು ಅವಳು ಬೇಡಿದವಳಲ್ಲ. ನನ್ನ ಕೈ ಮಾಡಿದ್ದನ್ನು ಮನ್ನಿಸವ್ವ ಎಂದಷ್ಟೇ ಬೇಡಿ, ಗುಡ್ಡ ಇಳಿಯುತ್ತಿದ್ದಳು.

ಪೇಟೆಗೆ ಮಾಲು ಹಾಕಿ ಬಂದ ಸಂದೀಪ ಹೆಂಡತಿಯ ಮುಖ ನೋಡಿದವನೇ ಗಾಡಿಯ ಕೀಲಿಯನ್ನು ಜೇಬಿಗೆ ಹಾಕದೆ ನಿಂತ.

"ನಡೀ, ಬೈಲಹೊಂಗಲಕ್ಕ ಹೋಗೂನು. ಇನ್ನ ಬೆಳ್ಳುಳ್ಳಿ ಬ್ಯಾಡ, ಹೊಗಿ ಬ್ಯಾಡ, ಏನೂ ಬ್ಯಾಡ."

ಬೆಳ್ಳುಳ್ಳಿ ಜಜ್ಜಿ ಒಸಡಿಗೆ ಇಟ್ಟರೆ ನೋವು ಹೋಗುತ್ತದೆಂದು ಫೋನಿನಲ್ಲಿ ಒಬ್ಬ ಹೇಳಿದ್ದ. ದುರ್ಗಾ ಇಟ್ಟುಕೊಂಡು ಒಸಡು ಸುಟ್ಟುಕೊಂಡಿದ್ದಳು. ಹಲ್ಲಿನ ಹುಳ ಬೀಳುತ್ತದೆಂದು ಗುಳ್ಳದ ಬೀಜದ ಹೊಗೆ ಹಿಡಿಸಿದವಳು ಪಕ್ಕದ ಮನೆಯ ಕೃಷ್ಣವ್ವ. ಅವಳೂ ಈಗ ನಳದ ಬಳಿ ಕೊಡ ಬಿಟ್ಟು ಬಂದು ನಿಂತಿದ್ದಳು.

"ಹೋಗೂನಪ್ಪ. ಆದ್ರ ಕೀಳಸೂದಿಲ್ಲ" ಎಂದಳು ಸೀತವ್ವ. "ಗುಳಗಿ ಇಸ್ಕೊಂಡ ಬರೂದು, ಅಷ್ಟ."

"ನೀ ಹೋಗಬ್ಯಾಡ ಸೀತಕ್ಕಾ" ಎಂದು ಕೃಷ್ಣವ್ವ ನಕ್ಕಳು. "ಗಂಡನ ಕಣ್ಣ ತಿಂದಿ, ಸೊಸೀವನ್ನಾದರೂ ಬಿಡು!"

ಕಟ್ಟೆಯ ಮೇಲಿಂದ ಗಂಗಪ್ಪನೂ ನಕ್ಕ. ಅದು ಕೆಟ್ಟ ನಗೆಯಲ್ಲ. ಊರಲ್ಲಿ ಎಷ್ಟೋ ವರ್ಷದಿಂದ ಓಡಾಡುತ್ತಿದ್ದ ಮಾತು, ಎಲ್ಲರ ಬಾಯಲ್ಲೂ ನುಣುಪಾಗಿತ್ತು. ಸೀತವ್ವ ಎಂದಿನಂತೆ ನಗಲು ಹೋದಳು. ತುಟಿ ಅಲುಗಲಿಲ್ಲ.

ಗಾಡಿಯ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕುಳಿತರು. ಕಬ್ಬು ಹೇರಿಕೊಂಡು ಎಂ.ಕೆ. ಹುಬ್ಬಳ್ಳಿಯ ಕಡೆ ಹೊರಟಿದ್ದ ಟ್ರ್ಯಾಕ್ಟರುಗಳು ರಸ್ತೆ ತುಂಬ ಇದ್ದವು. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಸಂದೀಪ ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ದುರ್ಗಾಳ ತಲೆ ಅತ್ತೆಯ ಭುಜದ ಮೇಲಿತ್ತು. ಜ್ವರದ ಬಿಸಿ ಸೀರೆ ದಾಟಿ ಬರುತ್ತಿತ್ತು. ಸೀತವ್ವ ಕಾಲು ಒಮ್ಮೆ ಮಡಚಿದಳು, ಒಮ್ಮೆ ಚಾಚಿದಳು. ಸೊಸೆಯ ರೆಪ್ಪೆಯನ್ನು ಮತ್ತೆ ಮತ್ತೆ ಬಗ್ಗಿ ನೋಡಿದಳು. ಮೊದಲಿದ್ದ ಗೆರೆಯೂ ಇಲ್ಲವಾಗಿದೆಯೋ, ತನಗೆ ಹಾಗೆ ಕಾಣುತ್ತಿದೆಯೋ ತಿಳಿಯಲಿಲ್ಲ.

"ಯವ್ವಾ, ಮಂದಿ ನಗತಾರಂತ ಹಾಕಿದ್ನಿ ಆ ವಿಡಿಯೋ" ಎಂದ ಸಂದೀಪ, ರಸ್ತೆಯಿಂದ ಕಣ್ಣು ಕೀಳದೆ. "ಈ ಹುಡುಗಿ ಅದನ್ನ ನೋಡಿ ನೋಡಿ ಹಲ್ಲ ಮುಚ್ಚಿಟ್ಕೊಂಡ ಕುಂತ್ಲು. ಇಷ್ಟ ದಿನಾ ನನಗೂ ಹೇಳಲಿಲ್ಲ."

"ಹೆದರಿದ್ದೆ" ಎಂದಳು ದುರ್ಗಾ, ಬಾಯಿ ಅರ್ಧ ತೆರೆದು. "ಮಾವಾರು ಸುಳ್ಳ ಹೇಳೂ ಮನಷ್ಯಾ ಅಲ್ಲ."

ಸೀತವ್ವ ಸೊಸೆಯ ತಲೆಯನ್ನು ಭುಜಕ್ಕೆ ಒತ್ತಿಕೊಂಡಳು. ಎಲ್ಲವ್ವಾ, ಎಲ್ಲವ್ವಾ ಎಂದು ತುಟಿಯೊಳಗೇ ಅನ್ನುತ್ತಿದ್ದಳು.

ಡಾಕ್ಟರ್ ಮೃಣಾಲಿನಿ ತನ್ನ ಅಜ್ಜನ ಮನೆಯ ಪಡಸಾಲೆಯನ್ನೇ ಹಲ್ಲಿನ ದವಾಖಾನೆ ಮಾಡಿಕೊಂಡಿದ್ದಳು. ಒಂದು ಕಾಲಕ್ಕೆ ಅಲ್ಲಿ ಪುರಾಣ ಓದಿಸಿ ಕೇಳಲು ಜನ ಕೂಡುತ್ತಿದ್ದರು. ರಾಮದೇವರ ಪಟ ಇನ್ನೂ ಗೋಡೆಯ ಮೇಲಿತ್ತು. ಅದರ ಕೆಳಗೆ ಸೀಳಿ ತೋರಿಸಿದ ಒಂದು ಹಲ್ಲಿನ ಚಿತ್ರ.

ದುರ್ಗಾಳನ್ನು ಕುರ್ಚಿಯ ಮೇಲೆ ಒರಗಿಸಿ, ಬಾಯೊಳಗೆ ದೀಪ ಬಿಟ್ಟು ನೋಡಿದ ಮೃಣಾಲಿನಿಯ ಹುಬ್ಬು ಗಂಟಿಕ್ಕಿತು.

"ಇಷ್ಟು ಆಗೋತನಕಾ ಯಾಕ ಕೂತ್ರಿ? ಕೋರೆಹಲ್ಲಿನ ಬುಡಕ್ಕ ಕೀವು ತುಂಬೇದ. ಹಲ್ಲು ಉಳಿಯೋ ಹಂಗ ಇಲ್ಲ. ಇವತ್ತs ತಗೀಬೇಕು."

"ಮ್ಯಾಲಿನ ಹಲ್ಲ ಕೀಳೂದ ಬ್ಯಾಡ್ರಿ ಡಾಕ್ಟರಬಾಯಿ" ಎಂದಳು ಸೀತವ್ವ, ಮುಂದೆ ಬಂದು ಕುರ್ಚಿಯ ಕೈ ಹಿಡಿದು. "ಗುಳಗಿ ಬರದ ಕೊಡ್ರಿ."

ಮೃಣಾಲಿನಿ ಕೈಯಲ್ಲಿದ್ದ ಸಣ್ಣ ಕನ್ನಡಿಯನ್ನು ತಟ್ಟೆಗಿಟ್ಟಳು. ಸಿಟ್ಟಿಗಿಂತ ದಣಿವು ಹೆಚ್ಚು ಕಂಡಿತು.

"ನೀವೂ ಆ ಅಜ್ಜನ ವಿಡಿಯೋ ನೋಡೀರೇನು? ನಿನ್ನೆ ರಾಮದುರ್ಗದಾಕಿ ಒಬ್ಬಾಕಿ ಈ ಕುರ್ಚಿ ಮ್ಯಾಲಿಂದ ಎದ್ದು ಹೋದ್ಲು. ಕಣ್ಣು ಹೋಗ್ತಾವಂತ! ಭಾಳ ಛಂದ ಹೇಳ್ತಾನ್ರಿ ಅಂವಾ, ಸುಳ್ಳ್ಯಾಕ, ನನಗೂ ನಗು ಬಂತು. ಹೆಂಡ್ತೀದು ಬರೋ ಕಡೆ ಅಂತೂ..."

ಸಂದೀಪ ನೆಲದ ಫರಸಿಯನ್ನು ನೋಡುತ್ತ ನಿಂತ.

"ಆ ಹೆಂಡ್ತಿ ನಾನs ರೀ" ಎಂದಳು ಸೀತವ್ವ.

ಮೃಣಾಲಿನಿ ಕೈಗವಸು ಬಿಚ್ಚಿದಳು. ಸ್ಟೂಲು ಎಳೆದು ಸೀತವ್ವನ ಎದುರಿಗೆ ಕುಳಿತಳು.

"ತಪ್ಪು ತಿಳೀಬ್ಯಾಡ್ರಿ ಅವ್ವಾ. ನಾ ಹೇಳೋದು ಒಂದೀಟು ಕೇಳ್ರಿ. ಕಣ್ಣು ಕಾಣಿಸೋ ನರಾನs ಬ್ಯಾರೆ, ಹಲ್ಲಿನ ನರಾನs ಬ್ಯಾರೆ. ಕಣ್ಣಿಂದು ಕಣ್ಣಿನ ಹಿಂದಿಂದ ಸೀದಾ ಮಿದುಳಿಗೆ ಹೋಗ್ತದ. ಹಲ್ಲು ಕಿತ್ತರ ಅದಕ್ಕೇನೂ ಆಗೂದಿಲ್ಲ. ಬಿಟ್ಟರ ಆಗ್ತದ. ಈ ಕೀವು ಮ್ಯಾಲ ಏರ್ಲಿಕತ್ತದ ನೋಡ್ರಿ, ಕಣ್ಣಿನ ಗುಳಿಯೊಳಗ ಹೊಕ್ಕಿತು ಅಂದ್ರ ಕಣ್ಣಷ್ಟs ಅಲ್ಲ, ಜೀವಕ್ಕೂ ಹೆದರಿಕಿ ಅದ."

"ಹಂಗಾರ ನಮ್ಮವರ ಕಣ್ಣ?"

"ನಾ ಅವರನ್ನ ನೋಡಿಲ್ಲ, ಹೆಂಗ ಹೇಳ್ಲಿ? ಕಣ್ಣಿನ ಡಾಕ್ಟರು ನೋಡಿ ಹೇಳಬೇಕು. ಹಲ್ಲು ಕೀಳಸೋಕಿಂತ ಮೊದಲು ಕಣ್ಣಿಂದು ಏನರೆ ತ್ರಾಸ ಇತ್ತೇನು?"

ಇಲ್ಲ ಎಂದು ಹೇಳಲು ಸೀತವ್ವ ಬಾಯಿ ತೆರೆದಳು. ಆಗ ಯಾಕೋ ಸಕ್ಕರೆ ಕಾರ್ಖಾನೆಯ ಅಂಗಳದ ದೀಪಗಳು ಕಣ್ಣ ಮುಂದೆ ಬಂದವು. ಗಂಗಪ್ಪ ಆಗ ಕಬ್ಬಿನ ಗಾಡಿ ಹೊಡೆಯುತ್ತಿದ್ದ. ತೂಕಕ್ಕೆ ಕಾಯುತ್ತ ಗಾಡಿಗಳು ಸಾಲಾಗಿ ನಿಂತಿರುತ್ತಿದ್ದವು. ಅವಳು ಬುತ್ತಿ ಒಯ್ದ ಒಂದು ಸಂಜೆ ಅವನು ಮೇಲೆ ಕೈ ತೋರಿಸಿ, "ಲೈಟಿನ ಸುತ್ತ ಕಾಮನಬಿಲ್ಲ ಕಟ್ಟೇತಿ ನೋಡs" ಎಂದಿದ್ದ. ಅವಳು ನೋಡಿದ್ದಳು. ಹುಳ ಬಿಟ್ಟರೆ ಬೇರೇನೂ ಇರಲಿಲ್ಲ. ಅದೇ ಸುಗ್ಗಿಯಲ್ಲಿ ಅವನ ಎಡಗಡೆಯ ಎತ್ತು ರಸ್ತೆ ಬದಿಯ ಕಲ್ಲಿಗೆ ಹಾಯ್ದಿತ್ತು. ಕಲ್ಲು ಕಾಣಲೇ ಇಲ್ಲ ಎಂದಿದ್ದ. ಆಮೇಲೆ ಹುಬ್ಬಿನ ಮೇಲೆ ಸುತ್ತಿಗೆ ಬಡಿದಂಥ ನೋವು, ವಾಂತಿ. ಹುಬ್ಬಿನ ನೋವಿಗೆ ಹುಳುಕು ಹಲ್ಲೇ ಕಾರಣ ಎಂದು ಯಾರೋ ಅಂದರು. ಅದಕ್ಕಲ್ಲವೇ ಅವಳು ಅವನನ್ನು ಸಂತೆಗೆ ಎಳೆದುಕೊಂಡು ಹೋದದ್ದು?

ಒಂದೊಂದನ್ನೇ ಹೆಕ್ಕಿ ಇಟ್ಟ ಹಾಗೆ ಅವಳು ಇದನ್ನೆಲ್ಲ ಹೇಳಿದಳು. ಮೃಣಾಲಿನಿ ನಡುವೆ ಬಾಯಿ ಹಾಕಲಿಲ್ಲ.

"ಅದು ಕಣ್ಣಿನ ರೋಗದ ಲಕ್ಷಣ ಇದ್ದಂಗದ ಅವ್ವಾ" ಎಂದಳು ಕಡೆಗೆ. "ಯಾವ ರೋಗಂತ ಖಾತ್ರಿ ಹೇಳಲಾರೆ. ಹಲ್ಲು ಕೀಳಿಸಿದ್ದಕ್ಕ ಅಲ್ಲ ಅನ್ನೋದನ್ನ ಮಾತ್ರ ಖಾತ್ರಿ ಹೇಳ್ತೇನಿ."

ಕುರ್ಚಿಯಿಂದ ದುರ್ಗಾ ಕೈ ಚಾಚಿದಳು. "ಅತ್ತಿ, ನನಗ ತಡಕೊಳ್ಳಾಕ ಆಗವಲ್ದು. ನೀವು ಹೂಂ ಅಂದ್ರ ಕೀಳಸ್ಕೋತೇನಿ."

ಸೀತವ್ವ ಅವಳ ಕೈ ಹಿಡಿದಳು. ಇದೇ ಕೈ, ಹೀಗೇ ಇನ್ನೊಂದು ಕೈಯನ್ನು ಹಿಡಿದು ಕೂರಿಸಿತ್ತು. ಡಾಕ್ಟರಬಾಯಿಯ ಮಾತು ಕಿವಿಗೆ ಹೊಕ್ಕಿತ್ತು, ಎದೆಗೆ ಇನ್ನೂ ಇಳಿದಿರಲಿಲ್ಲ. ಅಷ್ಟು ವರ್ಷದ ಹೆದರಿಕೆ ಎದ್ದು ಜಾಗ ಬಿಡಬೇಕಲ್ಲ.

"ಕೀಳ್ರಿ" ಎಂದಳು.

ಕೆಲಸ ಮುಗಿಯುವವರೆಗೂ ಅವಳು ಆ ಕೈ ಬಿಡಲಿಲ್ಲ. ಹೊರಡುವಾಗ ತಟ್ಟೆಯಲ್ಲಿದ್ದ ಹಲ್ಲನ್ನು ತೋರಿಸಿ, "ಅದನ್ನ ನನಗ ಕೊಡ್ರಿ" ಎಂದು ಕೇಳಿ, ತೊಳೆಸಿ, ಹತ್ತಿಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾವು ಇಳಿಯದಿದ್ದರೆ, ಜ್ವರ ಏರಿದರೆ, ಕ್ಷಣ ತಡ ಮಾಡದೆ ಬೆಳಗಾವಿಯ ದೊಡ್ಡ ದವಾಖಾನೆಗೆ ಹೋಗಬೇಕೆಂದು ಮೃಣಾಲಿನಿ ಗಾಡಿಯ ತನಕ ಬಂದು ಹೇಳಿದಳು.

ಹಲ್ಲು ಹೋದದ್ದನ್ನು ಗಂಗಪ್ಪನಿಗೆ ಯಾರೂ ಹೇಳಬೇಕಾಗಲಿಲ್ಲ. ಬಾಯಲ್ಲಿ ಹತ್ತಿ ಕಚ್ಚಿಕೊಂಡ ಸೊಸೆ "ಬಂದ್ವಿರಿ ಮಾವಾ" ಎಂದದ್ದನ್ನು ಕೇಳಿಯೇ ಅವನಿಗೆ ತಿಳಿಯಿತು.

"ಕೀಳಿಸಿದ್ರಿ, ಹೌದಲ್ಲ? ಮತ್ತ ಈಕೀನs ಕರಕೊಂಡ ಹೋದ್ಲು, ಹೌದಲ್ಲ?" ಎಂದ. ಈ ಸಲ ಅವನು ನಗಲಿಲ್ಲ. ಊಟಕ್ಕೆ ಕರೆದರೆ ಬೇಡ ಎಂದ. ಕೃಷ್ಣವ್ವ ಬಾಗಿಲಲ್ಲಿ ಇಣುಕಿ, ನಾಲಿಗೆ ಲೊಚಗುಟ್ಟಿ ಹೋದಳು. ಅವಳ ಬೈಗುಳವೇ ವಾಸಿ ಅನ್ನಿಸಿತು ಸೀತವ್ವನಿಗೆ.

ಅವಳು ಕುಳಿತಲ್ಲಿ ಕುಳಿತುಕೊಳ್ಳಲಿಲ್ಲ. ಜೋಳ ಹಸನು ಮಾಡಲು ಮೊರ ಹಿಡಿದು, ಅರ್ಧಕ್ಕೇ ಬಿಟ್ಟು ಸೊಸೆಯ ಬಳಿ ಹೋಗುವಳು. ಹಿಟ್ಟು ನಾದುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಬಗ್ಗಿ ನೋಡಿ ಹೋಗುವಳು. ಡಾಕ್ಟರಬಾಯಿ ಹೇಳಿದ್ದು ನಿಜವಾಗಿದ್ದರೆ ಕಣ್ಣು ತೆರೆಯುತ್ತದೆ. ತೆರೆಯದಿದ್ದರೆ? ಈ ಮನೆಯಲ್ಲಿ ಎರಡನೆಯ ಸಲವೂ ತನ್ನ ಕೈಯೇ. ಗುಡ್ಡದ ತಾಯಿಯ ಮುಂದೆ ಆಮೇಲೆ ಯಾವ ಮುಖ ಹೊತ್ತು ನಿಲ್ಲುವುದು? ಗುಳಿಗೆಯ ಹೊತ್ತಿಗೆ ಗುಳಿಗೆ, ಗಂಜಿಯ ಹೊತ್ತಿಗೆ ಗಂಜಿ. ರಾತ್ರಿ ದುರ್ಗಾ ನಿದ್ದೆ ಮಾಡಿದಳು, ಸಂದೀಪ ನಿದ್ದೆ ಮಾಡಿದ, ಸೀತವ್ವನ ಚಾಪೆ ಬಿಚ್ಚಿದ ಹಾಗೆಯೇ ಇತ್ತು. ಮರುದಿನ ಜ್ವರ ಬಿಟ್ಟಿತು. ಬಾವು ಮಾತ್ರ ಹಟ ಹಿಡಿದಂತೆ ನಿಂತಿತ್ತು.

ಅದರ ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳಿಗೆ ಮಷೀನಿನ ಸಪ್ಪಳ ಕೇಳಿಸಿತು. ಬೂದಿ ಕೈಯಲ್ಲೇ ಓಡಿ ಬಂದಳು. ದುರ್ಗಾ ಕಿಟಕಿಯ ಬೆಳಕಿನಲ್ಲಿ ಕುಳಿತು ಹಸಿರು ಜಂಪರಿಗೆ ಎರಡನೆಯ ತೋಳು ಕೂಡಿಸುತ್ತಿದ್ದಳು. ಕೆನ್ನೆ ಇನ್ನೂ ದಪ್ಪವಿತ್ತು. ಅದರ ಮೇಲೆ ಕಣ್ಣು, ಕೆಂಪಾಗಿ, ಪೂರ್ತಿ ತೆರೆದಿತ್ತು.

"ಎಡಗಣ್ಣ ಮುಚ್ಚಿ, ಈ ಒಂದs ಕಣ್ಣಲೆ ಸೂಜಿಗಿ ದಾರ ಹಾಕಿದ್ನಿರಿ ಅತ್ತಿ" ಎಂದು ಅವಳು ಸೊಟ್ಟಗೆ ನಕ್ಕಳು.

ಸೀತವ್ವ ಕೈ ತೊಳೆದುಕೊಂಡಳು. ದೇವರ ಮಾಡದ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ಕಟ್ಟೆಗೆ ಬಂದು ಗಂಡನ ಮಗ್ಗುಲಲ್ಲಿ ಕುಳಿತಳು.

"ಮಷೀನ ಕೇಳಿಸ್ತೇನ್ರಿ?"

"ಕೇಳಿಸ್ತು. ಕಣ್ಣ ಬಿಟ್ಟಳೇನ?"

"ಬಿಟ್ಟಳು."

"ಎಲ್ಲವ್ವ ದೊಡ್ಡಾಕಿ" ಎಂದು ಗಂಗಪ್ಪ ಕೈ ಮುಗಿದ. ಉಸಿರು ಉದ್ದಕ್ಕೆ ಬಿಟ್ಟ. ಸ್ವಲ್ಪ ತಡೆದು, "ಆಕೀ ನರಾ ಗಟ್ಟಿ ಇರಬೇಕು, ಉಳೀತು" ಎಂದ.

"ಕೈ ಚಾಚ್ರಿ ಇಲ್ಲೆ."

ಅವಳು ಹತ್ತಿ ಬಿಚ್ಚಿ ಹಲ್ಲನ್ನು ಅವನ ಅಂಗೈ ಮೇಲಿಟ್ಟಳು. ಗಂಗಪ್ಪ ಅದನ್ನು ಹೆಬ್ಬೆರಳಿನಿಂದ ಹೊರಳಿಸಿದ.

"ಏನಿದು? ಖಾರೀಕ ಬೀಜ?"

"ದುರ್ಗಾನ ಹಲ್ಲು. ಬೇರು ಮುರಿದಿಲ್ಲ, ಇಡೀ ಬಂದೈತಿ."

ಬೆರಳುಗಳು ನಿಂತವು. ಮತ್ತೆ ಮೆಲ್ಲಗೆ ಚಲಿಸಿದವು. ತುದಿಯಿಂದ ಬುಡಕ್ಕೆ, ಬುಡದಿಂದ ತುದಿಗೆ.

"ಇಷ್ಟs?"

"ಇಷ್ಟs."

"ನರಾ?"

"ಇಲ್ಲ."

"ನಂದಕ್ಕ ಇತ್ತು" ಎಂದ ಗಂಗಪ್ಪ. "ಗೇಣುದ್ದ. ಶಾವಿಗಿ ಇದ್ದಂಗ, ಬೆಳ್ಳಗ. ನಾನs ನೋಡೇನಿ."

"ಯಾವ ಕಣ್ಣಲೆ ನೋಡಿದ್ರಿ?"

ನಳದ ಬಳಿ ಕೃಷ್ಣವ್ವನ ಕೊಡ ತುಂಬಿ ಹರಿಯುತ್ತಿತ್ತು. ಅವಳು ಅದನ್ನು ಎತ್ತಲಿಲ್ಲ.

ಸೀತವ್ವನ ದನಿ ಏರಲಿಲ್ಲ. "ಆವತ್ತ ಸಂತ್ಯಾಗ ಬೆಲ್ಲಾ ಆರಿಸಿದವರು ನೀವು. ಎತ್ತ ಹೂಡಿ, ಗಾಡಿ ಹೊಡ್ಕೊಂಡ ಮನಿಗಿ ಬಂದವರು ನೀವು. ನಾ ಹಿಂದ ಕೂಸಿನ್ನ ಹಾಕ್ಕೊಂಡ ಕುಂತಿದ್ದೆ. ಲೈಟಿನ ಸುತ್ತ ಕಾಮನಬಿಲ್ಲ ಐತಿ ಅಂದಿದ್ರಿ ನನಗ. ಎಡಗಡಿ ಕಲ್ಲ ಕಾಣಲಿಲ್ಲಂದಿದ್ರಿ. ಅದು ಸಂತಿಗಿ ಹೋಗೂಕ ಮೊದಲೋ, ಆಮ್ಯಾಲೋ? ನೀವs ಹೇಳ್ರಿ. ಕಥಿ ಹೇಳಾವರು ನೀವು."

ಗಂಗಪ್ಪ ಹಲ್ಲನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಕುಳಿತ. ಓಣಿಯಲ್ಲಿ ಒಂದು ಸೈಕಲ್ಲು ಹೋಯಿತು. ಯಾರೋ "ಅರಾಮೇನ್ರಿ ಯಜಮಾನ್ರ" ಅಂದರು. ಅವನ ಹೆಬ್ಬೆರಳು ಮುಷ್ಟಿಯೊಳಗೆ ಹಲ್ಲಿನ ಬೇರನ್ನು ಸವರುತ್ತಿತ್ತು.

"ಮೊದಲು" ಎಂದ ಕೊನೆಗೆ. ಆಮೇಲೆ, "ನೀನೂ ನಗತಿದ್ದೆಲ್ಲ" ಎಂದ.

"ಎಲ್ಲಾರೂ ನಗತಿದ್ರು. ನಾ ಒಬ್ಬಾಕಿ ಅತ್ತರ ನಿಮ್ಮ ಕಥಿ ಕೆಡತಿತ್ತು."

ಅಷ್ಟು ಹೇಳಿ ಸೀತವ್ವ ಕಟ್ಟೆಯ ಕಂಬಕ್ಕೆ ಬೆನ್ನು ಕೊಟ್ಟಳು. ಇನ್ನೂ ಏನೋ ಹೇಳುವುದಿತ್ತು. ರೊಟ್ಟಿ ಬಡಿಯುವುದಿತ್ತು, ಗುಳಿಗೆಯ ಹೊತ್ತೂ ಆಗುತ್ತಿತ್ತು. ಆದರೆ ಮೈ ಅವಳ ಮಾತು ಕೇಳಲಿಲ್ಲ. ತಲೆ ಪಕ್ಕಕ್ಕೆ ವಾಲಿತು, ಸೆರಗು ಜಾರಿತು. ಹಗಲು ಹೊತ್ತಿನಲ್ಲಿ, ಓಣಿಯ ಜನ ಓಡಾಡುವ ಜಾಗದಲ್ಲಿ, ಬಾಯಿ ತುಸು ತೆರೆದು ಅವಳು ನಿದ್ದೆ ಹೋದಳು.

ಸಂದೀಪ ಫೋನು ಹಿಡಿದು ಹೊರಗೆ ಬಂದ. "ಅಪ್ಪಾ, ಆ ವಿಡಿಯೋ ತಗದ ಹಾಕೇನಿ. ಆದ್ರ ಮಂದಿ ತಮ್ಮ ತಮ್ಮ ಫೋನಿನ್ಯಾಗ ಇಟ್ಕೊಂಡಾರ, ಮತ್ತ ಮತ್ತ ಹಾಕಾಕತ್ತಾರ. ಆ ರಾಮದುರ್ಗದಾಕಿ..."

ಗಂಗಪ್ಪ ಕೈ ಎತ್ತಿ ತಡೆದ. "ಮೆಲ್ಲಕ ಮಾತಾಡೋ. ನಿಮ್ಮವ್ವ ಮಲಗ್ಯಾಳ."

"ಹೊಸಾದು ಮಾಡಬೇಕಲ್ಲಪ್ಪಾ?"

"ಮಾಡೂನು. ಆಕಿ ಏಳ್ಲಿ. ಮೊದಲ ಆಕಿ ಹೇಳ್ಲಿ, ಆಮ್ಯಾಲ ನಾ ಹೇಳತೇನಿ."

ಮಗ ಒಳಗೆ ಹೋದ. ಬಿಸಿಲು ಎದುರುಮನೆಯ ಮಾಳಿಗೆ ದಾಟಿ ಕಟ್ಟೆಗೆ ಇಳಿಯತೊಡಗಿತ್ತು. ಗಂಗಪ್ಪನ ಕೆನ್ನೆಗೆ ಅದು ತಾಗಿತು. ಅವನು ಹೆಂಡತಿಯ ಉಸಿರು ಎಲ್ಲಿಂದ ಬರುತ್ತಿದೆ ಎಂದು ಕಿವಿಗೊಟ್ಟು ಕೇಳಿದ. ಕೈಯೂರಿ ಸಪ್ಪಳವಾಗದಂತೆ ಸರಿದ. ಕತ್ತಿನ ಮೇಲೆ ಬಿಸಿ ಬೀಳುವವರೆಗೆ ಇನ್ನೂ ಒಂದಿಷ್ಟು ಸರಿದು, ಬೆನ್ನನ್ನು ಬಿಸಿಲಿಗೆ ಕೊಟ್ಟು ಕುಳಿತ. ಅವನ ನೆರಳು ಅವಳ ಮುಖದ ಮೇಲೆ ಬಿದ್ದಿತ್ತು.